ಭಯವಿಲ್ಲದವನಿಗೆ ಷೇರುಪೇಟೆ ಒಲಿಯುತ್ತದೆಯೇ?

ಮಂಗಳವಾರ ಬಂತೆಂದರೆ ನಮ್ಮ ತರಗತಿಯ ಕೊನೆಯ ಮೂರು ಬೆಂಚುಗಳಲ್ಲಿ ಯಾರೂ ತಲೆ ಎತ್ತುವುದಿಲ್ಲ. ಅಂದು ನಿಫ್ಟಿ ಆಪ್ಷನ್‌ಗಳ ವಾರದ ಎಕ್ಸ್‌ಪೈರಿ. ಬೋರ್ಡಿನ ಮೇಲೆ ಪಾಠ ನಡೆಯುತ್ತಿದ್ದರೆ ಬೆಂಚಿನ ಕೆಳಗಿನ ಮೊಬೈಲ್‌ಗಳಲ್ಲಿ ಕೆಂಪು, ಹಸಿರು ಕ್ಯಾಂಡಲ್‌ಗಳು ಕುಣಿಯುತ್ತಿರುತ್ತವೆ. ಮೂರೂವರೆಗೆ ಪೇಟೆ ಮುಚ್ಚಿದ ಮೇಲೆ ಗೆದ್ದವನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸುತ್ತಾನೆ. ಸೋತವರು ಅತ್ತ ಬರುವುದೇ ಇಲ್ಲ. ಹಾಗಾಗಿ ಕ್ಯಾಂಟೀನಿನಲ್ಲಿ ಕುಳಿತು ನೋಡಿದರೆ ಎಲ್ಲರೂ ಗೆಲ್ಲುತ್ತಿರುವಂತೆಯೇ ಕಾಣುತ್ತದೆ.

ಅಲ್ಲಿ ನಾನು ಪದೇ ಪದೇ ಕೇಳಿದ ಮಾತು ಒಂದೇ. ‘ಅಂಜೋನಿಗೆ ಇಲ್ಲಿ ರೊಕ್ಕ ಇಲ್ಲಲೇ, ಸೈಕೋ ಆಗ್ಬೇಕು.’ ಯಾರ ನೋವೂ ತಟ್ಟದ, ಪಶ್ಚಾತ್ತಾಪವಿಲ್ಲದ, ಅಪಾಯಕ್ಕೆ ಹೆದರದ ಮನಸ್ಸೇ ಪೇಟೆಯಲ್ಲಿ ಗೆಲ್ಲುತ್ತದೆ ಎಂಬ ನಂಬಿಕೆ ಇದು. ವಾಲ್‌ಸ್ಟ್ರೀಟ್‌ನ ಹತ್ತು ಮಂದಿಯಲ್ಲಿ ಒಬ್ಬ ಸೈಕೋಪಾತ್ ಎಂಬ ಸುದ್ದಿಯೂ 2012ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಓಡಾಡಿತ್ತು. ಅದರ ಹಿಂದೆ ಗಟ್ಟಿಯಾದ ಅಧ್ಯಯನವೇ ಇರಲಿಲ್ಲ. ಆದರೂ ಸುದ್ದಿ ಉಳಿಯಿತು, ನಮ್ಮ ಹಾಸ್ಟೆಲಿನವರೆಗೂ ಬಂತು.

ಈ ನಂಬಿಕೆಗೆ ಬಲ ಕೊಟ್ಟ ನಿಜವಾದ ಪ್ರಯೋಗವೊಂದಿದೆ. ಬಾಬಾ ಶಿವ್, ಜಾರ್ಜ್ ಲೊವೆನ್‌ಸ್ಟೈನ್, ಆಂಟೋನಿಯೊ ಡಮಾಸಿಯೊ ಮೊದಲಾದವರು 2005ರಲ್ಲಿ ಅದನ್ನು ಪ್ರಕಟಿಸಿದರು. ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಭಾಗಕ್ಕೆ ಪೆಟ್ಟು ಬಿದ್ದಿದ್ದ ಕೆಲವು ರೋಗಿಗಳನ್ನೂ ಆರೋಗ್ಯವಂತರನ್ನೂ ಒಂದೇ ಆಟಕ್ಕೆ ಕೂರಿಸಿದರು. ಕೈಯಲ್ಲಿ 20 ಡಾಲರ್, ಒಟ್ಟು 20 ಸುತ್ತು. ಪ್ರತಿ ಸುತ್ತಿನಲ್ಲಿ ಒಂದು ಡಾಲರ್ ಹೂಡಬಹುದು, ಬೇಡವೆನ್ನಲೂಬಹುದು. ಹೂಡಿದರೆ ನಾಣ್ಯ ಚಿಮ್ಮುತ್ತಾರೆ. ಸೋತರೆ ಆ ಡಾಲರ್ ಹೋಯಿತು, ಗೆದ್ದರೆ ಎರಡೂವರೆ ಡಾಲರ್ ಕೈಗೆ. ಆರೋಗ್ಯವಂತರು ಒಮ್ಮೆ ಸೋತ ಮೇಲೆ ಅಂಜಿ ಹಿಂದೆ ಸರಿದರು. ಅಂಜಿಕೆಯಿಲ್ಲದ ರೋಗಿಗಳು ಹೂಡುತ್ತಲೇ ಹೋಗಿ ಹೆಚ್ಚು ಹಣದೊಂದಿಗೆ ಎದ್ದರು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಭಾವನೆಯಿಲ್ಲದವರೇ ಒಳ್ಳೆಯ ಹೂಡಿಕೆದಾರರು ಎಂದು ಬರೆದವು. ಆ ರೋಗಿಗಳು ಸೈಕೋಪಾತ್‌ಗಳಾಗಿರಲಿಲ್ಲ ಎಂಬುದು ಎಲ್ಲೋ ಕಳೆದುಹೋಯಿತು.

ಎಂಜಿನಿಯರಿಂಗ್ ಓದುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಸಂಭವನೀಯತೆಯ ಪಾಠವನ್ನು ನಾವೆಲ್ಲ ಓದಿದ್ದೇವೆ, ಪರೀಕ್ಷೆಗಾದರೂ. ಒಂದು ಡಾಲರ್ ಹಾಕಿದರೆ ಸರಾಸರಿ ಒಂದೂಕಾಲು ಡಾಲರ್ ಮರಳಿ ಬರುವ ಆಟ ಅದು. ಆಟವೇ ಆಡುವವನ ಕಡೆಗೆ ವಾಲಿದೆ. ಅಂಥ ಆಟದಲ್ಲಿ ಕಣ್ಣು ಮುಚ್ಚಿ ಹೂಡುವವನೇ ಜಾಣ. ಆಟ ಇನ್ನೊಂದು ಕಡೆಗೆ ವಾಲಿದ್ದರೆ? ಅದಕ್ಕೂ ಉತ್ತರವಿದೆ. 1994ರಲ್ಲಿ ಡಮಾಸಿಯೊ ಅವರ ಅಯೋವಾ ಬಳಗ ಇಂಥದೇ ಪೆಟ್ಟು ಬಿದ್ದವರಿಗೆ ನಾಲ್ಕು ಕಟ್ಟು ಇಸ್ಪೀಟು ಕೊಟ್ಟು ಆಡಿಸಿತ್ತು. ಎರಡು ಕಟ್ಟುಗಳಲ್ಲಿ ದೊಡ್ಡ ಲಾಭ, ಅದಕ್ಕಿಂತ ದೊಡ್ಡ ನಷ್ಟ. ಉಳಿದೆರಡರಲ್ಲಿ ಸಣ್ಣ ಲಾಭ, ಇನ್ನೂ ಸಣ್ಣ ನಷ್ಟ. ಆರೋಗ್ಯವಂತರು ನಾಲ್ಕಾರು ಪೆಟ್ಟು ತಿಂದು ಕೆಟ್ಟ ಕಟ್ಟುಗಳನ್ನು ಬಿಟ್ಟರು. ಭಯದ ಭಾಗ ಕೆಲಸ ಮಾಡದವರು ಕೊನೆಯವರೆಗೂ ಅವುಗಳಿಂದಲೇ ಎಲೆ ಎತ್ತಿ ಸೋತರು.

ಹಾಗಾದರೆ ನಮ್ಮ ಬೆಂಚಿನ ಕೆಳಗಿನ ಆಟ ಯಾವ ಕಡೆಗೆ ವಾಲಿದೆ? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿದೆ. 2021–22ರಿಂದ ಮೂರು ವರ್ಷ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ ₹1.8 ಲಕ್ಷ ಕೋಟಿಗೂ ಹೆಚ್ಚು. 2023–24ರಲ್ಲಿ ವಹಿವಾಟು ಮಾಡಿದವರಲ್ಲಿ ಶೇ 43ರಷ್ಟು ಮಂದಿ ಮೂವತ್ತರೊಳಗಿನವರು. ಶೇ 70ಕ್ಕೂ ಹೆಚ್ಚು ಮಂದಿ ಮೊದಲ ಮೂವತ್ತು ನಗರಗಳ ಆಚೆಯವರು, ಅಂದರೆ ನಮ್ಮಂಥ ಊರುಗಳವರು. ಸೋತವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ನಿಲ್ಲಿಸದೆ ಆಡುತ್ತಲೇ ಇದ್ದರು. ಇವರಿಗೆಲ್ಲ ಅಂಜಿಕೆ ಜಾಸ್ತಿಯಾಗಿತ್ತು ಎಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಗೆದ್ದವರು ಯಾರು? ಅದೇ ವರದಿಯ ಪ್ರಕಾರ 2023–24ರಲ್ಲಿ ಸ್ವಂತ ಹಣದಲ್ಲಿ ವಹಿವಾಟು ನಡೆಸುವ ಸಂಸ್ಥೆಗಳು ಸುಮಾರು ₹33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು ₹28 ಸಾವಿರ ಕೋಟಿ ಲಾಭ ಮಾಡಿದರು. ಆ ಲಾಭದ ಬಹುಪಾಲು ಅಲ್ಗಾರಿದಂಗಳಿಂದ ಬಂದದ್ದು. ಅಲ್ಗಾರಿದಂಗೂ ಭಾವನೆಯಿಲ್ಲವಲ್ಲ ಎಂದು ನನ್ನ ರೂಮ್‌ಮೇಟ್ ವಾದಿಸಿದ. ಹೌದು, ಆದರೆ ಅದಕ್ಕೆ ರೋಮಾಂಚನದ ಹುಚ್ಚೂ ಇಲ್ಲ. ಎಷ್ಟು ಕಳೆದುಕೊಂಡರೆ ನಿಲ್ಲಬೇಕೆಂದು ಬರೆದಿಟ್ಟದ್ದನ್ನು ಅದು ಮೀರುವುದಿಲ್ಲ. ಆ ಮಿತಿಯನ್ನು ಬರೆದವನು ಭಯ ಬಲ್ಲ ಮನುಷ್ಯ. ಸ್ಟಾಪ್‌ಲಾಸ್ ಹಾಕುವವನೂ ಅಂಥವನೇ.

ನಿಜವಾಗಿ ಆ ಸ್ವಭಾವ ಉಳ್ಳವರು ವೃತ್ತಿಯಲ್ಲಿ ಹೇಗೆ ಮಾಡುತ್ತಾರೆಂದು ನೋಡಿದವರೂ ಇದ್ದಾರೆ. ಲಿಯಾನ್ ಟೆನ್ ಬ್ರಿಂಕ್ ಮತ್ತು ಸಂಗಡಿಗರು ಅಮೆರಿಕದ 101 ಹೆಡ್ಜ್‌ಫಂಡ್ ವ್ಯವಸ್ಥಾಪಕರ ಸಂದರ್ಶನದ ವಿಡಿಯೊಗಳಿಂದ ಅವರ ಸ್ವಭಾವ ಅಳೆದು, 2005ರಿಂದ 2015ರವರೆಗಿನ ಅವರ ಗಳಿಕೆಯೊಂದಿಗೆ ಹೋಲಿಸಿದರು. ಸೈಕೋಪಾತ್ ಲಕ್ಷಣ ಹೆಚ್ಚಿದ್ದವರ ಗಳಿಕೆ ಉಳಿದವರಿಗಿಂತ ಕಡಿಮೆಯಿತ್ತು. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಯಾವ ಟೆಲಿಗ್ರಾಂ ಗುರುವಿನ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ.

ಇದನ್ನೆಲ್ಲ ನಾನು ಹುಡುಕಿ ಓದಿದ್ದು ಸೋತ ಮೇಲೆ. ಸಿರುಗುಪ್ಪದ ಹತ್ತಿರದ ನಮ್ಮೂರಿನಿಂದ ಅಪ್ಪ ಫೋನ್ ಮಾಡಿದ್ದರು. ‘ಪ್ರಾಜೆಕ್ಟಿಗೆ ರೊಕ್ಕ ಹಾಕೀನಿ, ಬಂತೇನು?’ ‘ಬಂತಪ್ಪ, ಕಿಟ್ ತಂದೀನಿ’ ಅಂದೆ. ಕಿಟ್ಟೂ ಇರಲಿಲ್ಲ, ಪ್ರಾಜೆಕ್ಟೂ ಇರಲಿಲ್ಲ. ಮೂರು ಮಂಗಳವಾರದಲ್ಲಿ ₹18 ಸಾವಿರ ಹೋಗಿತ್ತು. ಸುಳ್ಳು ಹೇಳುವಾಗ ನನ್ನ ಧ್ವನಿ ನಡುಗಲಿಲ್ಲ. ನನ್ನನ್ನು ಈಗಲೂ ಕಾಡುವುದು ಅದೇ. ಸೈಕೋಪಥಿ ಗುರುತಿಸಲು ಕೆನಡಾದ ರಾಬರ್ಟ್ ಹೇರ್ ಮಾಡಿದ ಪಟ್ಟಿಯಲ್ಲಿ 20 ಅಂಶಗಳಿವೆ. ತರಬೇತಿ ಪಡೆದವರು ಮಾತ್ರ ಬಳಸಬೇಕಾದ ಪಟ್ಟಿ ಅದು, ನನಗೆ ನಾನೇ ಅಂಕ ಹಾಕಿಕೊಳ್ಳುವಂತಿಲ್ಲ. ಆದರೂ ಚಟವೆಂಬಂತೆ ಸುಳ್ಳು, ಬೇರೆಯವರ ಮೇಲೆ ಹೊರೆಯಾಗಿ ಬದುಕುವುದು, ತನ್ನ ತಪ್ಪಿಗೆ ತಾನು ಹೊಣೆಯಾಗದಿರುವುದು ಎಂಬ ಸಾಲುಗಳನ್ನು ಓದುವಾಗ ಆ ಫೋನ್ ಕರೆ ನೆನಪಾಯಿತು. ಪೇಟೆಯ ಮುಂದೆ ಸೈಕೋ ಆಗಲು ನನಗೆ ಸಾಧ್ಯವೇ ಆಗಲಿಲ್ಲ, ಪ್ರೀಮಿಯಂ ಇಳಿಯುವಾಗ ಕೈ ಬೆವರುತ್ತಿತ್ತು. ಕಲ್ಲಾಗಿದ್ದು ಅಪ್ಪನ ಮುಂದೆ ಮಾತ್ರ.

ಅಪ್ಪ ಅಂಜುವ ಮನುಷ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ನಮ್ಮ ಗದ್ದೆಯಲ್ಲಿ ಅರ್ಧ ನಾಟಿ ಮುಗಿದಿತ್ತು. ಅಪ್ಪ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು ಉಳಿದ ಅರ್ಧದ ನಾಟಿ ನಿಲ್ಲಿಸಿದರು, ಗೊಬ್ಬರದ ಅಂಗಡಿಗೆ ಹೇಳಿದ್ದನ್ನು ಮುಂದೂಡಿದರು, ಕಾಲುವೆಯ ನೀರು ನೋಡಿಕೊಂಡು ಬಂದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತ ಮೇಲೆಯೇ ಮತ್ತೆ ಗದ್ದೆಗಿಳಿದದ್ದು. ಮಳೆ, ಕಾಲುವೆ, ರೈಸ್‌ಮಿಲ್ಲಿನ ದರ ಎಲ್ಲದರ ಮೇಲೂ ವರ್ಷಕ್ಕೆರಡು ಸಲ ಪಣ ಕಟ್ಟುವವರು ಅವರು. ನಮ್ಮ ಹಾಸ್ಟೆಲಿನ ಭಾಷೆಯಲ್ಲಿ ಅವರಷ್ಟು ಅನುಭವಿ ಟ್ರೇಡರ್ ನನಗೆ ಗೊತ್ತಿಲ್ಲ. ಅವರ ಅಂಜಿಕೆಯೇ ನಮ್ಮನ್ನು ಇಷ್ಟು ವರ್ಷ ಸಾಲದ ಆಚೆ ಇಟ್ಟಿದೆ.

ಕಾಲೇಜುಗಳು ಇದನ್ನು ಹುಡುಗರ ಖಾಸಗಿ ಚಟವೆಂದು ಬಿಟ್ಟುಬಿಡಬಾರದು. ಗಣಿತದ ಪಾಠದಲ್ಲಿ ನಾಣ್ಯ, ದಾಳಗಳ ಲೆಕ್ಕ ಮಾಡಿಸುವ ಬದಲು ಸೆಬಿ ವರದಿಯ ಒಂದು ಕೋಷ್ಟಕ ಕೊಟ್ಟು ಸರಾಸರಿ ನಷ್ಟ ಲೆಕ್ಕ ಹಾಕಿಸಿದರೆ ಸಾಕು, ಕೊನೆಯ ಬೆಂಚೂ ತಲೆ ಎತ್ತುತ್ತದೆ. ಸೋತವರು ಬಂದು ಹೇಳಿಕೊಳ್ಳಲು ಒಬ್ಬ ಮೇಷ್ಟ್ರಾದರೂ ಬೇಕು, ಬೈಯದೆ ಕೇಳುವವರು. ಕುರುಗೋಡಿನ ನನ್ನ ರೂಮ್‌ಮೇಟ್ ಎರಡನೇ ಕಂತಿನ ಫೀಸನ್ನೇ ಕಳೆದುಕೊಂಡು, ಲೋನ್ ಆ್ಯಪ್‌ನಲ್ಲಿ ಸಾಲ ತೆಗೆದು ಕಟ್ಟಿದ್ದಾನೆ. ಅವನ ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಹೇಳು ಅಂದರೆ ‘ಅವ್ವ ತಡ್ಕೊಳ್ಳಲ್ಲ’ ಅನ್ನುತ್ತಾನೆ. ಅಷ್ಟು ಅಂಜುವವನು ಸೈಕೋ ಹೇಗಾದಾನು?

ನಾನು ದಸರಾ ರಜೆಯಲ್ಲಿ ಹೇಳಿಬಿಟ್ಟೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಮೆಸ್ಸಿನ ಬಿಲ್ಲರ ಕಟ್ಟೀಯೋ ಇಲ್ಲೋ?’ ಎಂದಷ್ಟೇ ಕೇಳಿದರು. ಕಟ್ಟಿದ್ದೆ. ಈಗ ಸಂಜೆ ಹೈಸ್ಕೂಲ್ ಹುಡುಗರಿಗೆ ಗಣಿತ ಹೇಳಿಕೊಟ್ಟು ತಿಂಗಳಿಗೆ ಎರಡು ಸಾವಿರದಂತೆ ಅಪ್ಪನಿಗೆ ಮರಳಿಸುತ್ತಿದ್ದೇನೆ. ಐದು ತಿಂಗಳಾಯಿತು, ಇನ್ನೂ ನಾಲ್ಕು ಬಾಕಿ.