ಸಹಿಯೆಲ್ಲ ಸಮ್ಮತಿಯೇ?

ಹಸಿದವನ ಮುಂದೆ ಅನ್ನದ ತಟ್ಟೆಯನ್ನೂ ಕರಾರುಪತ್ರವನ್ನೂ ಒಟ್ಟಿಗೆ ಇಟ್ಟು, ‘ಇಷ್ಟವಿದ್ದರೆ ಸಹಿ ಹಾಕು’ ಎಂದರೆ ಅದನ್ನು ಸಮ್ಮತಿಯೆಂದು ಕರೆಯಬಹುದೇ? ಬ್ರಿಟನ್ ಕಾಲು ಶತಮಾನದಿಂದಲೂ ಹಾಗೆಂದೇ ಕರೆಯುತ್ತಾ ಬಂದಿದೆ.

1998ರ ಅಕ್ಟೋಬರ್ 1ರಂದು ಅಲ್ಲಿ ಜಾರಿಗೆ ಬಂದ ನಿಯಮಾವಳಿಯು, 17 ವಾರಗಳ ಸರಾಸರಿಯಲ್ಲಿ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ವಿಧಿಸಿತು. ಜೊತೆಗೇ ಒಂದು ಹಿಂಬಾಗಿಲನ್ನೂ ತೆರೆದಿಟ್ಟಿತು. 18 ವರ್ಷ ತುಂಬಿದ ಕಾರ್ಮಿಕನು ಈ ಮಿತಿ ತನಗೆ ಬೇಡವೆಂದು ಬರೆದುಕೊಟ್ಟರೆ ಮುಗಿಯಿತು, ಮಿತಿ ಅವನಿಗೆ ಅನ್ವಯಿಸದು. ಇದರ ಹೆಸರು ‘ಆಪ್ಟ್ ಔಟ್’. ಸಹಿ ಹಾಕಲು ನಿರಾಕರಿಸಿದವನನ್ನು ವಜಾ ಮಾಡುವಂತಿಲ್ಲ. ಸಹಿ ಹಾಕಿದವನು ಕನಿಷ್ಠ 7 ದಿನಗಳ, ಕರಾರಿನಲ್ಲಿದ್ದರೆ ಗರಿಷ್ಠ 3 ತಿಂಗಳ ನೋಟಿಸು ನೀಡಿ ಅದನ್ನು ಹಿಂಪಡೆಯಬಹುದು. ಕಾಗದದ ಮೇಲೆ ಎಲ್ಲವೂ ಸುಂದರ!

ಆದರೆ ಆ ಪತ್ರ ಕಾರ್ಮಿಕನ ಕೈಗೆ ಬರುವುದು ಯಾವಾಗ? ನೇಮಕಾತಿ ಕರಾರಿನ ಜೊತೆಯಲ್ಲೇ ಅದಕ್ಕೂ ಸಹಿ ಮಾಡಿಸಿಕೊಳ್ಳುವುದು ರೂಢಿಯಾಗಿರುವಂತಿದೆ ಎಂದು ಯುರೋಪಿಯನ್ ಕಮಿಷನ್ 2003ರಲ್ಲೇ ಗುರುತಿಸಿತ್ತು. ಕೆಲಸ ಕೈಗೆ ಸಿಗುವ ಆ ಗಳಿಗೆಯಲ್ಲಿ ‘ಒಲ್ಲೆ’ ಎನ್ನುವ ಧೈರ್ಯ ಎಷ್ಟು ಮಂದಿಗಿದ್ದೀತು? 2008ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಈ ವಿನಾಯಿತಿಯನ್ನು ಕೊನೆಗಾಣಿಸಲು ಮತ ಹಾಕಿತು. ಬ್ರಿಟನ್ ಪಟ್ಟು ಬಿಡಲಿಲ್ಲ. 2009ರ ಏಪ್ರಿಲ್‌ನಲ್ಲಿ ಮಾತುಕತೆ ಮುರಿದುಬಿತ್ತು. ಆಗ ಅಲ್ಲಿ ಆಳುತ್ತಿದ್ದುದು ದುಡಿಮೆಯ ಹೆಸರನ್ನೇ ಹೊತ್ತ ಲೇಬರ್ ಪಕ್ಷವೆಂಬುದು ಇತಿಹಾಸದ ವ್ಯಂಗ್ಯ.

ಹೆಚ್ಚು ದುಡಿದು ಹೆಚ್ಚು ಗಳಿಸುವುದು ಕಾರ್ಮಿಕನ ಸ್ವಾತಂತ್ರ್ಯವಲ್ಲವೇ ಎಂದು ವಾದಿಸುವವರಿದ್ದಾರೆ. 48 ಗಂಟೆ ದುಡಿದರೂ ಮನೆಬಾಡಿಗೆಗೆ ಸಾಲದೆ ಒಬ್ಬನು 60 ಗಂಟೆ ದುಡಿಯುತ್ತಾನೆಂದರೆ ಅದು ಸ್ವಾತಂತ್ರ್ಯವಲ್ಲ, ಕೂಲಿ ಕಡಿಮೆಯೆಂಬುದಕ್ಕೆ ಪುರಾವೆ. ಅವನ ಮಕ್ಕಳು ತಂದೆಯನ್ನು ಕಾಣುವುದು ನಿದ್ರೆಯಲ್ಲಿ ಮಾತ್ರ. ಆ ನಷ್ಟವನ್ನು ಯಾವ ಓವರ್‌ಟೈಮ್ ತುಂಬಿಕೊಟ್ಟೀತು?

ಇದು ಪರದೇಶದ ಕತೆಯೆಂದು ಸುಮ್ಮನಿರುವಂತಿಲ್ಲ. 2023ರಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಾಗ ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿಕೊಂಡಿತಾದರೂ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ನೀಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 144 ಗಂಟೆಗೇರಿಸಿತು. ಅಲ್ಲಿಯೂ ಮುಂದಿಟ್ಟ ಗುರಾಣಿ ಅದೇ: ಕಾರ್ಮಿಕನ ಲಿಖಿತ ಸಮ್ಮತಿ!

ಕಾನೂನು ಇರುವುದೇ ದುರ್ಬಲನ ರಕ್ಷಣೆಗೆ. ಆ ರಕ್ಷಣೆಯನ್ನು ದುರ್ಬಲನೇ ಬರೆದುಕೊಟ್ಟು ಕಳೆದುಕೊಳ್ಳಬಹುದಾದರೆ ಕಾನೂನಿನ ಅಗತ್ಯವಾದರೂ ಏನು? ದುಡಿಮೆಯ ಮಿತಿ ಯಾರ ಸಹಿಯಿಂದಲೂ ಅಳಿಸಲಾಗದಂತಿರಬೇಕು. ಅಲ್ಲಿಯವರೆಗೆ, ಉದ್ಯೋಗವನ್ನರಸಿ ಬ್ರಿಟನ್‌ಗೆ ತೆರಳುವ ನಮ್ಮ ಯುವಕ ಯುವತಿಯರು ಸಹಿಗೆ ಮುನ್ನ ಪ್ರತಿ ಪುಟವನ್ನೂ ಓದಲಿ. ಹಾಕಿದ ಸಹಿಯನ್ನು ಹಿಂಪಡೆಯುವ ಹಕ್ಕು ತಮಗಿದೆಯೆಂಬುದನ್ನು ಅರಿತಿರಲಿ.