ಸಂಸಾರದ ಮಾತು: ಹಿಮಾಲಯದ ಪ್ರಯಾಣಕ್ಕೆ ಮುನ್ನ

ಕಳೆದ ತಿಂಗಳು ಒಂದು ಸಂಜೆ, ದೇವರ ಮುಂದೆ ದೀಪ ಹಚ್ಚಿದ ಮೇಲೆ, ನಮ್ಮ ತಾಯಿಯವರು ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತೊಂದನ್ನು ಆಡಿದರು. “ಹಿಮಾಲಯವನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ನಿಮ್ಮ ತಂದೆಯವರು ಪ್ರತಿವರ್ಷವೂ ಹೇಳುತ್ತಿದ್ದರು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಹೊರಟುಹೋದರು. ನನಗೂ ಹಾಗೆಯೇ ಆಗುವುದೋ ಏನೋ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ವರ್ಷ ಮಕ್ಕಳ ಪರೀಕ್ಷೆ, ಇನ್ನೊಂದು ವರ್ಷ ಮನೆಯ ರಿಪೇರಿ, ಮತ್ತೊಂದು ವರ್ಷ ಯಾರದೋ ಮದುವೆ; ಗೃಹಸ್ಥನಿಗೆ ಕಾರಣಗಳಿಗೇನು ಕೊರತೆ? ತಾಯಿಯವರಿಗೆ ಈಗ ಎಪ್ಪತ್ತೆರಡು ವರ್ಷ. ಈ ಸಲ ಹೊರಡುವುದೇ ಸರಿಯೆಂದು ನಿಶ್ಚಯಿಸಿದೆವು. ಆ ಸಿದ್ಧತೆಯಲ್ಲಿ ನಾವು ಕಲಿತುದು ನಮ್ಮ ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಪ್ರಶ್ನೆ, ಹಿಮಾಲಯದಲ್ಲಿ ಎಲ್ಲಿಗೆ ಎಂಬುದು. ತಾಯಿಯವರ ಮನಸ್ಸಿದ್ದುದು ಬದರಿಯ ಮೇಲೆ. ಆದರೆ ಅವರಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ ಬರುವುದುಂಟು. ನಮ್ಮ ವೈದ್ಯರು ಪರೀಕ್ಷಿಸಿ ಸ್ಪಷ್ಟವಾಗಿ ಹೇಳಿದರು: ಸಮುದ್ರಮಟ್ಟದಿಂದ 2,500 ಮೀಟರು ದಾಟಿದ ಮೇಲೆ ಗಾಳಿ ತೆಳುವಾಗಿ ತಲೆನೋವು, ವಾಕರಿಕೆ, ಉಸಿರಾಟದ ತೊಂದರೆಗಳು ಕಾಣಿಸಿಕೊಳ್ಳಬಹುದು, ಬದರೀನಾಥವಾದರೋ 3,100 ಮೀಟರಿಗೂ ಎತ್ತರದಲ್ಲಿದೆ, ಇವರಿಗೆ ಅದು ಬೇಡ. ಶಿಮ್ಲಾ ನಗರದ ಎತ್ತರ ಸುಮಾರು 2,200 ಮೀಟರು. ಇದು ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಹೆಚ್ಚು, ಆದರೆ ಹೆಚ್ಚುಕಡಿಮೆ ಉದಕಮಂಡಲದಷ್ಟೇ. ಉದಕಮಂಡಲದಲ್ಲಿ ತಾಯಿಯವರು ಎರಡು ವರ್ಷಗಳ ಹಿಂದೆ ಮೂರು ದಿನ ಸುಖವಾಗಿ ಇದ್ದು ಬಂದವರು. ಆದುದರಿಂದ ಶಿಮ್ಲೆಗೆ ವೈದ್ಯರ ಒಪ್ಪಿಗೆ ದೊರೆಯಿತು.

ಎರಡನೆಯದು ಕಾಲ. ಬೇಸಿಗೆಯ ರಜೆಯಲ್ಲಿ ಹೋಗೋಣವೆಂಬುದು ಮಕ್ಕಳ ಆಸೆ. ಆದರೆ ಮೇ, ಜೂನ್ ತಿಂಗಳುಗಳಲ್ಲಿ ಬಯಲುಸೀಮೆಯ ಬಿಸಿಲಿಗೆ ಹೆದರಿದ ಜನವೆಲ್ಲ ಅಲ್ಲಿಗೇ ನುಗ್ಗುತ್ತಾರೆ. 2018ನೆಯ ಇಸವಿಯ ಬೇಸಿಗೆಯಲ್ಲಿ ಆ ಊರಿನವರಿಗೇ ಕುಡಿಯುವ ನೀರು ಸಾಲದೆ ಹಾಹಾಕಾರವಾದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಮಳೆಗಾಲವಂತೂ ಸರ್ವಥಾ ಕೂಡದು. 2023ನೆಯ ಆಗಸ್ಟಿನಲ್ಲಿ ಶಿಮ್ಲೆಯ ಸಮ್ಮರ್ ಹಿಲ್ ಎಂಬಲ್ಲಿ ಗುಡ್ಡ ಕುಸಿದು, ಬೆಳಗಿನ ಪೂಜೆಗೆ ಸೇರಿದ್ದ ಭಕ್ತರೊಡನೆ ಶಿವಾಲಯವೊಂದು ಕೊಚ್ಚಿಹೋಯಿತು. ರೈಲಿನ ಹಳಿಗಳು ಕೆಳಗಿನ ಮಣ್ಣು ಜಾರಿ ಗಾಳಿಯಲ್ಲಿ ತೂಗಾಡುತ್ತಿದ್ದುವು. ಜನವರಿಯಲ್ಲಿ ಹಿಮ ಬೀಳುವುದು ನಿಜವಾದರೂ ಆ ಚಳಿ ವೃದ್ಧರಿಗೆ ತಕ್ಕುದಲ್ಲ. ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ದೂರದ ಹಿಮಶಿಖರಗಳು ಕಾಣುವ ಸಂಭವವೂ ಹೆಚ್ಚು. ನಮ್ಮ ಮಕ್ಕಳಿಗೆ ದಸರೆಯ ರಜೆಯೂ ಸುಮಾರು ಅದೇ ಕಾಲಕ್ಕೆ ಬರುವುದರಿಂದ ಎಲ್ಲವೂ ಕೂಡಿಬಂದಿತು.

ಮೂರನೆಯದು ದಾರಿ. ಯಶವಂತಪುರದಿಂದ ಚಂಡೀಗಢಕ್ಕೆ ನೇರವಾದ ರೈಲುಂಟು. ಆದರೆ ಅದು ಪ್ರತಿದಿನವೂ ಹೊರಡುವುದಿಲ್ಲ. 2024ನೆಯ ನವೆಂಬರಿನಿಂದ ಮುಂಗಡ ಟಿಕೀಟುಗಳನ್ನು 60 ದಿನ ಮೊದಲಿನಿಂದ ಕೊಡುತ್ತಾರೆ. ರಜೆಯ ದಿನಗಳಿಗೆ ಮೊದಲ ದಿನವೇ ಪ್ರಯತ್ನಿಸಬೇಕು. ವೃದ್ಧರಿಗೆ ಕೆಳಗಿನ ಮಲಗುವ ಸ್ಥಳವನ್ನು ಕೇಳಿ ಪಡೆಯಲು ಮರೆಯಬಾರದು. ದೀರ್ಘ ಪ್ರಯಾಣ ಮುಗಿದೊಡನೆ ಬೆಟ್ಟ ಹತ್ತದೆ ಒಂದು ರಾತ್ರಿ ಕೆಳಗೇ ವಿಶ್ರಮಿಸುವುದು ಲೇಸು.

ಚಂಡೀಗಢಕ್ಕೆ ಸಮೀಪದ ಕಾಲ್ಕಾದಿಂದ ಶಿಮ್ಲೆಗೆ ಪುಟ್ಟ ರೈಲು ಹೋಗುತ್ತದೆ. 1903ರಲ್ಲಿ ಆರಂಭವಾದ ಈ ಹಾದಿಯ ಉದ್ದ 96 ಕಿಲೋಮೀಟರು, ಹಳಿಗಳ ನಡುವಣ ಅಂತರ ಕೇವಲ ಎರಡೂವರೆ ಅಡಿ. 656 ಮೀಟರು ಎತ್ತರದಿಂದ ಹೊರಟು, ನೂರಕ್ಕೂ ಮಿಕ್ಕ ಸುರಂಗಗಳನ್ನು ಹೊಕ್ಕು ಹೊರಟು, 2,076 ಮೀಟರಿಗೆ ಏರುತ್ತದೆ. ಬರೋಗಿನ ಸುರಂಗವೊಂದೇ ಒಂದು ಕಿಲೋಮೀಟರಿಗಿಂತ ಉದ್ದ. ಯುನೆಸ್ಕೋ ಸಂಸ್ಥೆಯವರು 2008ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಮೋಟಾರಿನಲ್ಲಿ ಬೇಗ ತಲಪಬಹುದು. ಆದರೆ ತಿರುವುಗಳಲ್ಲಿ ತಲೆಸುತ್ತು ಬರುವವರಿಗೆ ನಿಧಾನವಾದ ರೈಲೇ ಹಿತ.

ನಾಲ್ಕನೆಯದು ವಸತಿ. ಮಾಲ್ ಎಂಬ ಮುಖ್ಯ ಬೀದಿಯಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಕೆಳಗಿನ ಕಾರ್ಟ್ ರಸ್ತೆಯಿಂದ ಮೇಲೇರಲು ಲಿಫ್ಟುಂಟು. ಸಾಮಾನು ಹೊರಲು ಕೂಲಿಯವರು ಸಿಕ್ಕುತ್ತಾರೆ. ಆದಕಾರಣ ಕೋಣೆಯ ಬಾಡಿಗೆಯನ್ನು ವಿಚಾರಿಸುವಾಗಲೇ, ಬಾಗಿಲಿಗೆ ಹೋಗಲು ಎಷ್ಟು ಮೆಟ್ಟಿಲು, ಲಿಫ್ಟಿನಿಂದ ಎಷ್ಟು ದೂರ, ಬಿಸಿನೀರು ಯಾವ ಹೊತ್ತಿಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ನಾವು ಕೇಳಿದೆವು, ಮೊದಲು ಮೆಚ್ಚಿಕೊಂಡಿದ್ದ ವಸತಿಗೃಹಕ್ಕೆ ಎಂಬತ್ತು ಮೆಟ್ಟಿಲುಗಳೆಂದು ತಿಳಿದು ಅದನ್ನು ಬಿಟ್ಟೆವು.

ಸೋದರಿಯರಿಗೆ ಒಂದು ಮಾತು. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ; ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತಡ. ಅಡಿಗೆ ಮಾಡಿಕೊಳ್ಳುವವರು ಪುಟ್ಟ ಕುಕ್ಕರನ್ನು ಒಯ್ಯಲಿ. ಉಳಿದವರಿಗೆ ಅವಲಕ್ಕಿ, ಚಟ್ನಿಪುಡಿಗಳಿದ್ದರೆ ಸಾಕು. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಡುವ ಎರಡು ಮೂರು ಉಣ್ಣೆಯ ಉಡುಪುಗಳು ಮೇಲು. ನಿತ್ಯದ ಔಷಧಗಳು ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿರಬೇಕು.

ನೋಡತಕ್ಕವು ಅನೇಕವಿದ್ದರೂ ದಿನಕ್ಕೆ ಒಂದೇ ಸಾಕೆಂದು ಗೊತ್ತುಮಾಡಿದ್ದೇವೆ. 1888ರಲ್ಲಿ ಮುಗಿದ ವೈಸರಾಯರ ಅರಮನೆಯಲ್ಲಿ 1965ರಿಂದ ಉನ್ನತ ಅಧ್ಯಯನದ ರಾಷ್ಟ್ರೀಯ ಸಂಸ್ಥೆಯಿದೆ. 1945ರಲ್ಲಿ ನಮ್ಮ ನಾಯಕರು ವೈಸರಾಯರೊಡನೆ ಮಾತುಕತೆಗೆ ಸೇರಿದ್ದುದು ಅಲ್ಲಿಯೇ. ಜಾಖೂ ಬೆಟ್ಟದ ಹನುಮಂತನ ಗುಡಿಗೆ ಏರುವಾಗ ಕನ್ನಡಕ ಜೋಪಾನ. ಅಲ್ಲಿನ ಕಪಿಗಳಿಗೆ ಅದರ ಮೇಲೆಯೇ ಕಣ್ಣು.

ಇಷ್ಟೆಲ್ಲ ಏರ್ಪಾಡಾದರೂ ಬದರಿಯ ಮಾತನ್ನು ತಾಯಿಯವರಿಗೆ ತಿಳಿಸುವುದು ಉಳಿದಿತ್ತು. ಮುಚ್ಚಿಟ್ಟು ಕರೆದೊಯ್ಯೋಣವೆಂದು ಮನೆಯಲ್ಲಿ ಕೆಲವರೆಂದರು. ನಮಗೆ ಅದು ಸರಿತೋರಲಿಲ್ಲ. ವೈದ್ಯರು ಹೇಳಿದುದನ್ನು ಹೇಳಿದಂತೆಯೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿಂದ ಹಿಮದ ಬೆಟ್ಟ ಕಾಣುವುದೋ?” ಎಂದು ಕೇಳಿದರು. ಮೋಡವಿಲ್ಲದಿದ್ದರೆ ಕಾಣುವುದು, ಖಂಡಿತವೆಂದು ಹೇಳಲಾಗದು ಎಂದೆವು. “ಕಂಡರೆ ಕೈಮುಗಿಯುತ್ತೇನೆ. ಕಾಣದಿದ್ದರೆ ಇದ್ದ ಕಡೆಗೇ ಮುಗಿದರಾಯಿತು” ಎಂದರು.

ಮರುದಿನ ಬೆಳಗ್ಗೆ ನೋಡುತ್ತೇವೆ, ನಮ್ಮ ತಂದೆಯವರ ಹಳೆಯ ಉಣ್ಣೆಯ ಮಫ್ಲರು ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹರಡಿತ್ತು.

ಮನೆಯಲ್ಲಿ ಹಿರಿಯರಿರುವ ವಾಚಕರು ಅವರ ಮನಸ್ಸಿನಲ್ಲಿ ಯಾವ ಊರಿದೆಯೆಂದು ಇಂದೇ ಕೇಳಿ ತಿಳಿಯಲಿ. ಅದು ದೂರದ ಹಿಮಾಲಯವೇ ಆಗಿರಬೇಕಾದುದಿಲ್ಲ; ಹುಟ್ಟಿದ ಹಳ್ಳಿಯೂ ಆಗಿರಬಹುದು. ವೈದ್ಯರನ್ನೂ ಪಂಚಾಂಗವನ್ನೂ ಕೈಯಲ್ಲಿರುವ ಹಣವನ್ನೂ ವಿಚಾರಿಸಿ, ಈ ವರ್ಷದಲ್ಲಿಯೇ ಒಂದು ದಿನವನ್ನು ಗೊತ್ತುಮಾಡಲಿ.