ಅಟ್ಟ ಕಟ್ಟಿದರೆ ಅಡುಗೆಯಾದೀತೆ?

“ಸರ್ವರ್ ಡೌನ್ ಮೇಡಂ, ನಾಳೆ ಬನ್ನಿ.” ಹಿಂದೆ ಇದೇ ಜಾಗದಲ್ಲಿ “ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ” ಎನ್ನುತ್ತಿದ್ದರು. ಸಾಹೇಬರಾದರೆ ಎಂದಾದರೂ ಬರುತ್ತಿದ್ದರು, ಬಂದ ಮೇಲೆ ನಾಲ್ಕು ಮಾತು ಕೇಳಬಹುದಿತ್ತು. ಸರ್ವರನ್ನು ಕೇಳುವುದು ಹೇಗೆ? ಮಳೆ ಬಾರದಿದ್ದರೆ ಸುಮ್ಮನಿರುವಂತೆ ನಾವೂ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬರುತ್ತೇವೆ. ನನ್ನ ತಕರಾರು ಇಲ್ಲಿಯೇ. ಸರ್ವರ್ ದೈವವಲ್ಲ, ಒಂದು ಕಂಪ್ಯೂಟರು. ಅದು ನಿಧಾನವಾಗುವುದಕ್ಕೆ ಕಾರಣವಿರುತ್ತದೆ, ಆ ಕಾರಣಕ್ಕೆ ಹೊಣೆಗಾರರೂ ಇರುತ್ತಾರೆ.

ಇದರ ಒಳಗುಟ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಓಕಳಿಪುರದ ನಮ್ಮಂಥ ಎರಡು ಕೋಣೆಯ ಮನೆಗಳ ಅಡುಗೆಮನೆ ನೋಡಿದರೆ ಸಾಕು. ಒಲೆಯ ಪಕ್ಕದ ಕಟ್ಟೆಯೇ ಕಂಪ್ಯೂಟರಿನ ಮೆಮೊರಿ. ಅದು ತುಂಬಿದರೆ ಸದ್ಯಕ್ಕೆ ಬೇಡದ ಪಾತ್ರೆಗಳನ್ನು ಅಟ್ಟಕ್ಕೇರಿಸುತ್ತೇವಲ್ಲ, ಹಾಗೆ ಡಿಸ್ಕಿನಲ್ಲಿ ಬಿಟ್ಟುಕೊಡುವ ಜಾಗಕ್ಕೆ ಸ್ವಾಪ್ ಎನ್ನುತ್ತಾರೆ. ಲಿನಕ್ಸ್ ಸರ್ವರಿಗೆ 2 ಜಿಬಿಯ ಅಟ್ಟ ಕಟ್ಟಲು ನಾಲ್ಕೈದು ಆಜ್ಞೆಗಳು ಸಾಕು, ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಅದರಿಂದ ಉಪಯೋಗವೂ ಉಂಟು. ಮೆಮೊರಿ ಪೂರ್ತಿ ಮುಗಿದುಹೋದರೆ ಲಿನಕ್ಸ್ ತಾನಾಗಿಯೇ ಯಾವುದೋ ಒಂದು ಕೆಲಸವನ್ನು ಕೊಂದುಬಿಡುತ್ತದೆ. ಸ್ವಾಪ್ ಆ ಅನಾಹುತವನ್ನು ತಡೆಯಬಹುದು.

ಆದರೆ ಅಟ್ಟದಲ್ಲಿ ಅಡುಗೆಯಾಗುವುದಿಲ್ಲ. ಮೆಮೊರಿಗಿಂತ ಒಳ್ಳೆಯ ಎಸ್‌ಎಸ್‌ಡಿಯೂ ಸುಮಾರು ಸಾವಿರ ಪಟ್ಟು ನಿಧಾನ, ಹಳೆಯ ಹಾರ್ಡ್ ಡಿಸ್ಕಾದರೆ ಇನ್ನೂ ಅತ್ತ. ಒಗ್ಗರಣೆಯ ಸೌಟೂ ಅಟ್ಟದಲ್ಲಿದ್ದರೆ ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ, ಸಾರು ಕುದಿಯುವುದಿಲ್ಲ. ಸ್ವಾಪ್ ಸೇರಿಸಿ “ಸರಿಮಾಡಿದೆವು” ಎಂದು ಕೈತೊಳೆದುಕೊಳ್ಳುವವರು ಇದನ್ನು ಮುಚ್ಚಿಡುತ್ತಾರೆ. ಮೆಮೊರಿಯನ್ನು ತಿನ್ನುತ್ತಿರುವ ಕೆಲಸ ಯಾವುದು, ಬರುವ ಜನಕ್ಕೆ ಯಂತ್ರ ಸಾಲದೆ, ಇಲ್ಲ ಪ್ರೋಗ್ರಾಮೇ ಕೆಟ್ಟದಾಗಿ ಬರೆದದ್ದೆ ಎಂದು ನೋಡುವುದು ಚಿಕಿತ್ಸೆ. ಸ್ವಾಪ್ ಬರಿಯ ಪ್ರಥಮ ಚಿಕಿತ್ಸೆ.

“ಇಷ್ಟು ಜನ ಬರುತ್ತಾರೆಂದು ಗೊತ್ತಿರಲಿಲ್ಲ” ಎಂಬ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ. 2023ರ ಜೂನ್ 18ಕ್ಕೆ ಗೃಹಜ್ಯೋತಿ, ಜುಲೈ 19ಕ್ಕೆ ಗೃಹಲಕ್ಷ್ಮಿ ನೋಂದಣಿ ಶುರುವಾಯಿತು. ವಿದ್ಯುತ್ ಮೀಟರುಗಳ ಲೆಕ್ಕ, ರೇಷನ್ ಕಾರ್ಡುಗಳ ಲೆಕ್ಕ ಎರಡೂ ಸರ್ಕಾರದ ಬಳಿಯೇ ಇದ್ದವು. ಆದರೂ ಸರ್ವರ್ ತೊಂದರೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮದುವೆಗೆ ಕರೆಯೋಲೆ ಹಂಚಿದವರು ಎಲೆ ಎಷ್ಟು ಹಾಕಬೇಕೆಂದು ಲೆಕ್ಕ ಹಾಕುವುದಿಲ್ಲವೆ?

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯಿದೆಯಿದೆ. ಪಟ್ಟಿಯಲ್ಲಿರುವ ಸೇವೆ ಗಡುವಿನೊಳಗೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ಅದಕ್ಕೆ ಅರ್ಜಿ ಸ್ವೀಕರಿಸಿದ ಸಂಖ್ಯೆ ಕೈಯಲ್ಲಿರಬೇಕು. ಸರ್ವರ್ ಡೌನ್ ಎಂದರೆ ಅರ್ಜಿಯೇ ಇಲ್ಲ, ಸಂಖ್ಯೆಯೂ ಇಲ್ಲ, ಗಡಿಯಾರ ಶುರುವಾಗುವುದೇ ಇಲ್ಲ! ಮೂರು ದಿನ ಅಲೆದ ಹೆಂಗಸು ಕಾನೂನಿನ ಕಣ್ಣಿಗೆ ಇನ್ನೂ ಮನೆಯಿಂದ ಹೊರಟೇ ಇಲ್ಲ.

ಹೆಚ್ಚಿನ ಮೆಮೊರಿಗೆ ಹಣ ಬೇಕೆನ್ನುತ್ತಾರೆ. ಬೇಕು, ನಿಜ. ಮನೆಗೆಲಸದಾಕೆ ಕಳೆದುಕೊಂಡ ಒಂದು ದಿನದ ಕೂಲಿ ಹಣವಲ್ಲವೆ? ಅದು ಯಾವ ಇಲಾಖೆಯ ಖರ್ಚಿನ ಪುಸ್ತಕದಲ್ಲೂ ಬರೆಯಲ್ಪಡದ ಕಾರಣ ಅಗ್ಗವಾಗಿ ಕಾಣುತ್ತದೆ, ಅಷ್ಟೆ.

ಆದ್ದರಿಂದ ಗೆಳತಿಯರೇ, ಮುಂದಿನ ಸಲ “ನಾಳೆ ಬನ್ನಿ” ಎಂದಾಗ ಸುಮ್ಮನೆ ತಿರುಗಬೇಡಿ. ಎಷ್ಟು ಗಂಟೆಯಿಂದ ಡೌನ್ ಆಗಿದೆ ಎಂದು ಕೇಳಿ. ಅರ್ಜಿಯನ್ನು ಕೈಯಲ್ಲೇ ತೆಗೆದುಕೊಂಡು ದಿನಾಂಕ ಹಾಕಿ ಸ್ವೀಕೃತಿ ಕೊಡಿ ಎನ್ನಿ. ಕೊನೆಯ ದಿನಾಂಕ ಮುಂದೆ ಹೋಗುತ್ತದೆಯೇ ಎಂದು ಕೇಳಿ. ಒಬ್ಬಳು ಕೇಳಿದರೆ ಜಗಳಗಂಟಿ ಎಂದಾರು. ಸಾಲಿನಲ್ಲಿದ್ದವರೆಲ್ಲ ಕೇಳಿದರೆ ಉತ್ತರ ಹುಡುಕಲೇಬೇಕಾಗುತ್ತದೆ.